ಹೆಸರಿಗೆ ಅಡುಗೆಯವಳು

ಅಗಾಥಾ ದೀಪ ಹಚ್ಚುವ ಹೊತ್ತಿಗೆ ಸೈಕಲ್ ತುಳಿದುಕೊಂಡು ಬೀರುಟೋಲಿಯ ಮನೆಗೆ ಬಂದರೆ ಅಂಗಳದ ತುಂಬ ಕೋಳಿ ಪುಕ್ಕ. ಅವತ್ತು ಭಾನುವಾರವಲ್ಲ, ಹಬ್ಬವಲ್ಲ. ನೆಂಟರ ಚಪ್ಪಲಿಯೂ ಬಾಗಿಲಲ್ಲಿ ಇರಲಿಲ್ಲ. ಅತ್ತೆ ಮರ್ಸೆಲಾ ಕಲ್ಲಿನ ಮೇಲೆ ಮೆಣಸಿನಕಾಯಿ ಅರೆಯುತ್ತ ಹಾಡು ಗುನುಗುತ್ತಿದ್ದಳು.

"ಮೊಟ್ಟೆ ಇಡೋ ಕೋಳೀನೇ ಕುಯ್ದುಬಿಟ್ರಾ ಆಯೋ?" ಅತ್ತೆಯನ್ನು ಅಮ್ಮ ಎನ್ನುವ ಹಾಗೆ 'ಆಯೋ' ಎಂದು ಕರೆದು ಕೇಳಿದಳು ಅಗಾಥಾ.

"ಒಂದು ಕೋಳಿಗೆ ಅಳ್ತೀಯಾ? ನನ್ನ ಮಗಳು ಕೋಚ್ ಆದ್ಲು ಕಣೇ! ಕಾಲೇಜಿನ ಹಾಕಿ ಕೋಚ್. ಪರ್ಮನೆಂಟು!"

"ಯಾವ ಕಾಲೇಜು?"

"ಯಾವುದಂತೆ! ಶಂಖ ನದಿಯಿಂದ ಈಚೆಗೆ ಎಷ್ಟು ಕಾಲೇಜಿವೆ? ನಿನ್ನದೇ."

ಅಗಾಥಾ ಸೈಕಲ್ಲಿನ ಹ್ಯಾಂಡಲ್ ಬಿಡದೆ ಹಾಗೇ ನಿಂತಳು. ಒಳಗಿನಿಂದ ನಾದಿನಿ ಜಸಿಂತಾ ಬಂದು, "ಭೌಜಿ, ನಾನೇ ಹೇಳೋಣ ಅಂತಿದ್ದೆ" ಎಂದು ಬಗ್ಗಿ ಅವಳ ಕಾಲು ಮುಟ್ಟಿದಳು. ಅಗಾಥಾ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ತಲೆಯ ಮೇಲೆ ಕೈ ಇಡಲೂ ಇಲ್ಲ.

ಆ ಕಾಲೇಜಿನ ಹುಡುಗಿಯರಿಗೆ ಹದಿನಾರು ವರ್ಷದಿಂದ ಹಾಕಿ ಕಲಿಸುತ್ತಿದ್ದವಳು ಅಗಾಥಾ. ತವರಿನ ಕುಲ್ಲೂ ಹೆಸರಲ್ಲಿ ರಾಜ್ಯ ತಂಡದಲ್ಲಿ ಆಡಿ, ಮದುವೆಯಾಗಿ, ಕೈಯಲ್ಲಿ ಕೂಸು ಹಿಡಿದುಕೊಂಡು ಕೆಲಸ ಕೇಳಲು ಹೋದವಳಿಗೆ ಆಗಿನ ಪ್ರಿನ್ಸಿಪಾಲರು ಹೇಳಿದ್ದರು: "ಕೋಚ್ ಹುದ್ದೆ ಸರ್ಕಾರ ಕೊಟ್ಟಿಲ್ಲ. ಹಾಸ್ಟೆಲಿನಲ್ಲಿ ಅಡುಗೆಯವಳ ಜಾಗ ಖಾಲಿ ಇದೆ. ಹೆಸರಿಗೆ ಅಡುಗೆಯವಳು ಅಂತ ಇರು, ಕೆಲಸ ಮಾತ್ರ ಕೋಚಿನದು." ಆ 'ಹೆಸರಿಗೆ' ಒಂದು ವಾರವೂ ಬಾಳಲಿಲ್ಲ. ಅಡುಗೆ ಮಾಡಲು ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲವಾದ್ದರಿಂದ ಅಡುಗೆಯನ್ನೂ ಅವಳೇ ಮಾಡಬೇಕಾಯಿತು. ಬೆಳಗಿನ ತಿಂಡಿಗೆ ಮಾತ್ರ ಬುಧನಿ ಎಂಬ ಮುದುಕಿ ಬರುತ್ತಿದ್ದಳು. ನಸುಕಿನಲ್ಲಿ ಮೈದಾನ, ಮಧ್ಯಾಹ್ನ ಅನ್ನದ ಹಂಡೆ, ಸಂಜೆ ಮತ್ತೆ ಮೈದಾನ, ಅಲ್ಲಿಂದ ಓಡಿ ಬಂದು ಬೇಳೆಗೆ ಒಗ್ಗರಣೆ. ಹುಡುಗಿಯರು ಅವಳನ್ನು 'ಕೋಚ್ ದೀದಿ' ಎನ್ನುತ್ತಿದ್ದರು. ಕಾಲೇಜಿನವರು ಏನೂ ಅನ್ನುತ್ತಿರಲಿಲ್ಲ. ಪರವೂರಿನ ಪಂದ್ಯಗಳಿಗೆ ಅವಳು ತಂಡದ ಅಡುಗೆಯವಳಾಗಿ ಹೋಗುತ್ತಿದ್ದಳು. ಆಟಗಾರ್ತಿಯರ ಬೆಂಚಿನ ಮೇಲೆ ಇತಿಹಾಸದ ಮೇಷ್ಟ್ರು ಛತ್ರಿ ಹಿಡಿದು ಕೂರುತ್ತಿದ್ದರು, ಇವಳು ಹಗ್ಗದ ಆಚೆ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಗೆದ್ದ ಮೇಲೆ ತೆಗೆಯುವ ಫೋಟೋದಲ್ಲಿ ಛತ್ರಿ ಮಡಚಿದ ಮೇಷ್ಟ್ರು ನಡುಮಧ್ಯೆ ನಿಲ್ಲುತ್ತಿದ್ದರು. ಅವಳು ಕಲಿಸಿದವರು ರೈಲ್ವೆಗೆ ಹೋದರು, ಪೊಲೀಸಿಗೆ ಹೋದರು, ಒಬ್ಬಳು ಭಾರತದ ಅಂಗಿ ತೊಟ್ಟಳು.

ಜಸಿಂತಾ ಕೂಡ ಅವಳ ಕೈಯಲ್ಲೇ ಬೆಳೆದವಳು. ಮರ್ಸೆಲಾ ಮಗಳಿಗೆ ಗಂಡು ಹುಡುಕುತ್ತಿದ್ದಾಗ ಹಟ ಹಿಡಿದು, ಮಾತು ಬಿಟ್ಟು, ಕೊನೆಗೆ ಗಂಡನ ಜೊತೆ ಜಗಳವಾಡಿ, ನಾದಿನಿಯನ್ನು ಹೊರರಾಜ್ಯಕ್ಕೆ ಕೋಚಿಂಗ್ ಡಿಪ್ಲೊಮಾ ಓದಲು ಕಳಿಸಿದವಳು ಅಗಾಥಾ.

ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಗಂಡ ಪತ್ರಾಸ್ ಟೆಂಪೊ ನಿಲ್ಲಿಸಿ ಬಂದವನು ಕೈ ತೊಳೆದು ನೇರ ಕೋಳಿಗೇ ಕೈ ಹಾಕಿದ. ಮಗಳು ಸುಚಿತಾ ಮಾತ್ರ ತಟ್ಟೆ ಮುಟ್ಟಲಿಲ್ಲ. ಅವಳು ಅದೇ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ, ತಂಡದಲ್ಲಿ ಹಾಫ್ ಬ್ಯಾಕ್.

"ಫುಆ, ನೀನು ಅರ್ಜಿ ಹಾಕಿದ್ದು ಯಾವಾಗ?" ಎಂದು ಸೋದರತ್ತೆ ಜಸಿಂತಾಳನ್ನು ಕೇಳಿದಳು.

"ಭತ್ತ ಕೊಯ್ಯೋಕೆ ಮುಂಚೆ."

"ಅಮ್ಮಂಗೆ ಹೇಳಿದ್ಯಾ?"

"ಸಿಗುತ್ತೋ ಇಲ್ವೋ ಗೊತ್ತಿರಲಿಲ್ಲ. ಸುಮ್ನೆ ಯಾಕೆ ಹೇಳೋದು ಅಂತ..."

"ದಿನಾ ಒಂದೇ ಪಾತ್ರೇಲಿ ಉಂಡು, ಒಂದು ಮಾತು ಹೇಳೋಕೆ ಆಗಲಿಲ್ಲ?"

ಮರ್ಸೆಲಾ ಸೌಟಿನಿಂದ ನೆಲ ಕುಟ್ಟಿದಳು. "ಏ ಪೋರಿ! ದೊಡ್ಡೋರ ಮಾತಿಗೆ ಮೂಗು ತೂರಿಸ್ಬೇಡ. ತಿನ್ನು. ಕೋಚ್ ಕೆಲಸ ಯಾರಿಗೆ ಸಿಕ್ತು? ನಮ್ಮ ಬಿಲುಂಗ್ ಮನೆಗೆ ಸಿಕ್ತು. ಅದು ಬಿಟ್ಟು ಯಾವನೋ ರಾಂಚಿಯಿಂದ ಬಂದು ಕೂತಿದ್ರೆ ನಿನ್ನಮ್ಮ ಏನ್ಮಾಡ್ತಿದ್ಲು?"

"ಏನೂ ಮಾಡ್ತಿರಲಿಲ್ಲ ಆಯೋ" ಎಂದಳು ಅಗಾಥಾ. "ಆದರೆ ಕೋಳಿ ಕುಯ್ತಿರಲಿಲ್ಲ."

ಪತ್ರಾಸ್ ನಕ್ಕುಬಿಟ್ಟ. ಯಾರೂ ಜೊತೆಗೂಡದ್ದು ನೋಡಿ ಮೂಳೆ ಕಡಿಯತೊಡಗಿದ.

ಮಾರನೆಯ ದಿನ ಅಗಾಥಾ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಇವರು ಹೊಸಬರು, ಬಂದು ಎರಡು ವರ್ಷವಾಗಿತ್ತು. ನೀಲಿ ಬಣ್ಣದ ಹೊಸ ಟರ್ಫ್ ಹಾಸಿಸಿದ್ದು ತಾನು ಎಂದು ಎದುರಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅವಳನ್ನು ನೋಡಿ ಕೂರಲು ಹೇಳಿದರು. ಅದೇ ಮೊದಲು.

"ನಿಯಮ ಅಂದರೆ ನಿಯಮ ಅಗಾಥಾ. ಡಿಪ್ಲೊಮಾ ಇರಲೇಬೇಕು."

"ಹದಿನಾರು ವರ್ಷ ಎಲ್ಲಿತ್ತು ಸರ್ ಈ ನಿಯಮ?"

"ಆಗ ಹುದ್ದೆಯೇ ಇರಲಿಲ್ಲವಲ್ಲ."

"ಹುದ್ದೆ ಇಲ್ಲದಾಗ ನಾನು ಬೇಕಿತ್ತು. ಹುದ್ದೆ ಬಂದ ದಿನ ನಾನು ಅಡುಗೆಯವಳಾದೆ."

"ನೀವು ಮೊದಲಿಂದಲೂ ಅಡುಗೆಯವರೇ. ಕಡತ ನೋಡಿ ಬೇಕಾದರೆ." ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದರು. "ನಿಮಗೆ ಸಂತೋಷ ಆಗಬೇಕು. ಬಂದವಳು ನಿಮ್ಮ ಮನೆ ಹುಡುಗಿ. ಇಂಟರ್‌ವ್ಯೂನಲ್ಲಿ ಕಮಿಟಿಯವರು, ಇಷ್ಟು ಹುಡುಗಿಯರನ್ನ ಒಬ್ಬಳೇ ಹೇಗೆ ಸಂಭಾಳಿಸ್ತೀಯಮ್ಮ ಅಂತ ಕೇಳಿದರು. ಜಸಿಂತಾ ಎಷ್ಟು ಜಾಣತನದಿಂದ ಹೇಳಿದಳು ಗೊತ್ತಾ? 'ನನ್ನ ತಗೊಂಡ್ರೆ ನನ್ನ ಭೌಜಿನೂ ಸಿಕ್ಕ ಹಾಗೆ ಸರ್, ಬೆಳಗಿನ ಪ್ರಾಕ್ಟೀಸ್ ಅವಳೇ ಮಾಡಿಸ್ತಾಳೆ' ಅಂದಳು. ಎಲ್ಲರೂ ನಕ್ಕುಬಿಟ್ಟೆವು. ಅಲ್ಲೇ ತೀರ್ಮಾನ ಆಯಿತು."

ಅಗಾಥಾ ಎದ್ದಳು.

"ಎಲ್ಲಿಗೆ?"

"ಅಕ್ಕಿ ತೊಳೀಬೇಕು ಸರ್. ಅಡುಗೆಯವಳಲ್ವಾ."

ಆ ಸಂಜೆ ಅವಳು ಮೈದಾನಕ್ಕೆ ಹೋಗಲಿಲ್ಲ. ಹುಡುಗಿಯರು ಇಬ್ಬರು ಅಡುಗೆಮನೆಯ ಬಾಗಿಲಿಗೆ ಬಂದು, "ದೀದಿ, ಎಲ್ಲರೂ ಕಾಯ್ತಿದಾರೆ" ಎಂದರು. "ನಿಮ್ಮ ಕೋಚ್ ಅಲ್ಲೇ ಇದಾಳೆ, ಹೋಗಿ" ಎಂದು ಒಗ್ಗರಣೆಗೆ ಎಣ್ಣೆ ಇಟ್ಟಳು.

ಮನೆಯಲ್ಲಿ ಅವತ್ತು ಗಂಜಿಯಲ್ಲಿ ಬೇಯಿಸಿದ ಸೊಪ್ಪು, ರಾಗಿ ರೊಟ್ಟಿ. ಅಗಾಥಾ ರೊಟ್ಟಿ ತಟ್ಟುತ್ತಲೇ ಕೇಳಿದಳು:

"ಜಸಿಂತಾ, ಅಕ್ಕಿ ಮೂಟೆ ಜೊತೆ ಬುಟ್ಟಿ ಪುಕ್ಕಟೆ ಕೊಡ್ತಾರಲ್ಲ, ಹಾಗೆ ಕೊಟ್ಟುಬಂದ್ಯಂತೆ ನನ್ನ?"

ಜಸಿಂತಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಯಾರು ಹೇಳಿದ್ರು?"

"ಕೊಂಡವರೇ ಹೇಳಿದ್ರು. ತುಂಬ ಖುಷಿಯಾಗಿದಾರೆ."

"ಭೌಜಿ, ನಾನು ನಿನ್ನ ಬಿಟ್ಟುಕೊಡಲಿಲ್ಲ. ಉಳಿಸಿಕೊಂಡೆ. ಬೇರೆಯವರು ಬಂದಿದ್ರೆ ನಿನ್ನ ಮೈದಾನದ ಹತ್ರಾನೂ ಸೇರಿಸ್ತಿರಲಿಲ್ಲ."

"ಮೈದಾನಕ್ಕೆ ಸೇರಿಸೋಕೆ ನೀನು ಯಾರು? ಆ ಮೈದಾನದ ಕಲ್ಲು ಆರಿಸಿದ್ದು ಈ ಕೈ."

"ನಾನೇನು ಕದ್ದೆನಾ? ಡಿಪ್ಲೊಮಾ ಕೇಳಿದ್ರು, ನನ್ನ ಹತ್ರ ಇತ್ತು. ನಂಗೆ ಮೂವತ್ತಾಯ್ತು. ಗಂಡ ಇಲ್ಲ, ಕೆಲಸ ಇಲ್ಲ, ಅಣ್ಣನ ಮನೇಲಿ ಎಷ್ಟು ದಿನ ಅಂತ ಸಗಣಿ ಬಾಚ್ಲಿ?"

ಅದು ಸುಳ್ಳಲ್ಲ. ಅಗಾಥಾಗೂ ಅದು ಸುಳ್ಳು ಅನ್ನಿಸಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

"ಕೆಲಸ ತಗೋ. ಬೇಡ ಅನ್ನಲ್ಲ. ನಿನ್ನ ಕೆಲಸ ನೀನು ಮಾಡು. ನಾನು ಯಾಕೆ ಮಾಡ್ಲಿ?"

ಪತ್ರಾಸ್ ನಡುವೆ ಬಾಯಿ ಹಾಕಿದ. "ಇಲ್ಲಿ ಕೇಳು. ಒಂದೇ ಮನೆ. ಬೋರ್ಡಲ್ಲಿ ಅವಳ ಹೆಸರಿದ್ರೇನು, ನಿನ್ನ ಹೆಸರಿದ್ರೇನು? ಬೆಳಿಗ್ಗೆ ಹೇಗೂ ಹೋಗ್ತಿದ್ದೆ, ಹಾಗೇ ಹೋಗಿ ಬಾ."

"ಹಾಗಾದ್ರೆ ನಿನ್ನ ಟೆಂಪೊ ಮೇಲೆ ಪಕ್ಕದ ಮನೆ ಜೊಹಾನನ ಹೆಸರು ಬರೆಸ್ಲಾ? ನೀನೇ ಓಡಿಸು. ಒಂದೇ ಊರು ತಾನೇ?"

"ಅದು ಬೇರೆ."

"ಹೇಗೆ ಬೇರೆ?"

ಅವನು, "ಹೆಂಗಸರ ಜೊತೆ ಮಾತಾಡಿ ಗೆದ್ದವರಿಲ್ಲ" ಎಂದು ಗೊಣಗಿಕೊಂಡು ಎದ್ದುಹೋದ. ಸುಚಿತಾ, "ಸೋತೆ ಅಂತ ಹೇಳು ಅಪ್ಪಾ, ಹೆಂಗಸರು ಅಂತ ಯಾಕೆ ಹೇಳ್ತೀಯ?" ಎಂದದ್ದು ಅಂಗಳದವರೆಗೂ ಕೇಳಿಸಿತು.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸ ಸದ್ದಿಲ್ಲದೆ ಕೈ ಬದಲಾಯಿಸಿತು. ಜಸಿಂತಾ ನಸುಕಿನಲ್ಲೇ ಹೊರಡಬೇಕಾದ್ದರಿಂದ ನೀರು ತರುವುದು ಅಗಾಥಾಗೆ ಬಂತು. ಸಂಜೆ ಅವಳು ದಣಿದು ಬರುತ್ತಾಳೆಂದು ಭತ್ತ ಕುಟ್ಟುವುದು ಸುಚಿತಾಗೆ ಬಂತು. ಅದೇ ಮೈದಾನದಿಂದ, ಅದೇ ಹೊತ್ತಿಗೆ ಸುಚಿತಾ ಕೂಡ ದಣಿದೇ ಬರುತ್ತಿದ್ದಳು. ಹದಿನಾರು ವರ್ಷ ಅಗಾಥಾ ನಸುಕಿನಲ್ಲಿ ಹೊರಟು ದೀಪದ ಹೊತ್ತಿಗೆ ಬಂದರೂ ಅವಳ ಪಾಲಿನ ಮನೆಗೆಲಸ ಅವಳಿಗಾಗಿಯೇ ಕಾದಿರುತ್ತಿತ್ತು. ಆಗ ದಣಿವಿನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಒಂದು ದಿನ ಒಗೆಯುವ ಬಟ್ಟೆಯ ರಾಶಿಯಲ್ಲಿ ಜಸಿಂತಾಳ ಹೊಸ ಟ್ರ್ಯಾಕ್ ಸೂಟ್ ಇತ್ತು. ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಕೋಚ್'. ಅಗಾಥಾ ಉಳಿದದ್ದೆಲ್ಲ ಒಗೆದು ಅದೊಂದನ್ನು ಕಲ್ಲಿನ ಮೇಲೆ ಬಿಟ್ಟು ಬಂದಳು. ಮರ್ಸೆಲಾ ಕೆರೆಗೆ ಹೋಗಿ ಅದನ್ನು ತಂದು ಅಂಗಳದಲ್ಲಿ ಬೀಸಾಡಿದಳು.

"ನಾಯಿ ಎಳ್ಕೊಂಡು ಹೋಗಿದ್ರೆ?"

"ಕೋಚ್ ಅಂತ ಬರ್ದಿದೆಯಲ್ಲ ಆಯೋ. ನಾಯಿ ಓದ್ಕೊಂಡು ವಾಪಸ್ ತಂದುಕೊಡ್ತಿತ್ತು."

"ಹೊಟ್ಟೆಕಿಚ್ಚು ಇದು! ಬೇರೇನೂ ಅಲ್ಲ. ನನ್ನ ಮಗಳು ಉದ್ಧಾರ ಆದ್ಲು ಅಂತ ಹೊಟ್ಟೆಕಿಚ್ಚು!"

"ಹೌದು" ಎಂದಳು ಅಗಾಥಾ. "ಹೊಟ್ಟೇಲಿ ಕಿಚ್ಚು ಇದೆ. ಯಾರು ಹಚ್ಚಿದ್ದು ಅಂತಾನೂ ಹೇಳಿ."

ಅಂತರಕಾಲೇಜು ಪಂದ್ಯ ಬಂತು. ಕಾಲೇಜು ಗೆದ್ದಿತು. ಗೆಲ್ಲದೆ ಏನು? ಆ ಹುಡುಗಿಯರು ಕಾಲೇಜಿಗೆ ಕಾಲಿಟ್ಟ ದಿನದಿಂದ ಅಗಾಥಾಳ ಕೂಗಿಗೆ ಓಡಿದವರು. ಎಡಬದಿಯಿಂದ ಚೆಂಡು ತಂದು, ಹಿಂದಕ್ಕೆ ತಳ್ಳಿ, ಮೂರನೆಯವಳು ಹೊಡೆಯುವ ಆಟವನ್ನು ಅವರು ಕಣ್ಣು ಮುಚ್ಚಿ ಆಡುತ್ತಿದ್ದರು. ಪತ್ರಿಕೆಯಲ್ಲಿ ಫೋಟೋ ಬಂತು. ಜಸಿಂತಾಳ ಕೊರಳಲ್ಲಿ ಚೆಂಡುಹೂವಿನ ಹಾರ, ಪಕ್ಕದಲ್ಲಿ ಪ್ರಿನ್ಸಿಪಾಲರು. 'ಒಂದೂವರೆ ತಿಂಗಳಲ್ಲಿ ತಂಡದ ಚಹರೆ ಬದಲಿಸಿದ ಯುವ ಕೋಚ್' ಎಂದು ಕೆಳಗೆ ಬರೆದಿತ್ತು. ಮರ್ಸೆಲಾ ಅನ್ನದ ಅಗುಳು ಅರೆದು ಅದನ್ನು ಮನೆಯ ಬಾಗಿಲಿಗೆ ಅಂಟಿಸಿದಳು. ದಿನಕ್ಕೆ ಹತ್ತು ಸಲ ಆ ಬಾಗಿಲು ದಾಟುವವಳು ಅಗಾಥಾ.

ಕಾಲೇಜಿನಲ್ಲಿ ಸನ್ಮಾನದ ಊಟ. ಅಗಾಥಾ ಬೆಳಗ್ಗಿನಿಂದ ಕುರಿಮಾಂಸ ಬೇಯಿಸಿದಳು. ಪೆಂಡಾಲಿನ ಮೈಕು ಅಡುಗೆಮನೆಯ ಕಿಟಕಿಗೇ ಮುಖ ಮಾಡಿತ್ತು. ಪ್ರಿನ್ಸಿಪಾಲರು ಸರ್ಕಾರಕ್ಕೆ, ಟರ್ಫಿಗೆ, ಜಸಿಂತಾಗೆ, ಇತಿಹಾಸದ ಮೇಷ್ಟ್ರಿಗೆ ಧನ್ಯವಾದ ಹೇಳಿ, ಕೊನೆಗೆ, "ಹಾಂ, ಇವತ್ತಿನ ರುಚಿಯಾದ ಊಟಕ್ಕಾಗಿ ನಮ್ಮ ಅಡುಗೆಯ ಅಗಾಥಾ ಅವರಿಗೂ ಒಂದು ಚಪ್ಪಾಳೆ" ಎಂದರು. ಚಪ್ಪಾಳೆಯ ನಡುವೆ ಹುಡುಗಿಯರ ಸಾಲಿನಿಂದ "ಕೋಚ್ ದೀದಿ!" ಎಂದು ಒಂದೆರಡು ದನಿ ಎದ್ದವು. ಯಾರೋ ಗದರಿಸಿದರು, ಅವೂ ಅಡಗಿದವು.

ಸುಚಿತಾ ಹಾರ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದಳು. "ನೀನು ಯಾಕೆ ಸುಮ್ನಿದೀಯಾ ಅಮ್ಮಾ? ಹೋಗಿ ಆ ಮೈಕ್ ಕಿತ್ಕೋ! ನಾಳೆಯಿಂದ ನಾನು ಆಡಲ್ಲ."

"ಆಡು. ನೀನು ಆಟ ಬಿಟ್ರೆ ಅವರಿಗೇನು ನಷ್ಟ? ಇನ್ನೊಬ್ಬಳು ಬರ್ತಾಳೆ."

"ನಿಂಗೆ ಸಿಟ್ಟೇ ಬರಲ್ವಾ?"

ಅಗಾಥಾ ಸೌಟು ತೋರಿಸಿದಳು. "ಬಂದಿದ್ದಕ್ಕೇ ಸಾರಿಗೆ ಉಪ್ಪು ಹಾಕಿಲ್ಲ. ಆದ್ರೂ ರುಚಿಯಾಗಿದೆ ಅಂತಿದಾನೆ ನೋಡು ಅವನು. ಆಟಾನೂ ಹೀಗೇ ನೋಡ್ತಾನೆ."

ಊರಿನಲ್ಲಿ ಈ ಸುದ್ದಿ ತಮಾಷೆಯಾಗಿ ಹರಡಿತ್ತು. ಒಂದು ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ಸುಸಾನಾ ಎಂಬವಳು ಕೊಡ ಉಜ್ಜುತ್ತ ಅಣಕಿಸಿದಳು: "ಏನು ಕೋಚ್ ದೀದಿ, ಈಗ ಕೊಡಗಳಿಗೆ ಪ್ರಾಕ್ಟೀಸ್ ಕೊಡ್ತಿದೀಯಾ?" ಸುಸಾನಾ ಒಂದು ಕಾಲದಲ್ಲಿ ಅಗಾಥಾ ಕೈಕೆಳಗೆ ಆಡಿದವಳು. ಮದುವೆಯಾಗಿ ಇದೇ ಊರಿಗೆ ಬಂದು ಮೂರು ಮಕ್ಕಳಾಗಿದ್ದವು.

"ನಿನ್ನ ಸೊಂಟ ನೋಡು, ಕೊಡಕ್ಕಿಂತ ದಪ್ಪ ಆಗಿದೆ" ಎಂದಳು ಅಗಾಥಾ. " ಒಂದು ಕಾಲದಲ್ಲಿ ಗೋಲ್‌ಕೀಪರ್ ಎರಡು ಕಾಲಿನ ನಡುವೆ ಚೆಂಡು ಹೊಡೀತಿದ್ದೆ ನೀನು. ಈಗ ಗೋಲಿನಲ್ಲಿ ನೀನು ನಿಂತ್ರೆ ಸಾಕು, ಚೆಂಡಿಗೆ ದಾರಿ ಇರಲ್ಲ."

ಹೆಂಗಸರೆಲ್ಲ ಗೊಳ್ಳೆಂದರು. ಸುಸಾನಾಗೆ ರೋಷ ಬಂತು. "ಕೊಡು ಒಂದು ಸ್ಟಿಕ್, ತೋರಿಸ್ತೀನಿ!"

ಹಾಗೆ ಶುರುವಾಯಿತು. ಕೊಯ್ಲಾದ ಗದ್ದೆ, ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಬಾಗಿಸಿದ ಬಿದಿರು, ಮಕ್ಕಳ ಹಳೆಯ ಸ್ಟಿಕ್ಕು, ಒಬ್ಬಳ ಕೈಯಲ್ಲಿ ಸೌದೆ ಕೊಂಬೆ. ಸೀರೆ ಮೇಲೆ ಕಟ್ಟಿ, ಕೂಸುಗಳನ್ನು ಬದುವಿನ ಮೇಲೆ ಚಾಪೆ ಹಾಸಿ ಮಲಗಿಸಿ, ಊರಿನ ಸೊಸೆಯರು ನಸುಕಿನಲ್ಲಿ ಓಡತೊಡಗಿದರು. ಅವರಲ್ಲಿ ಮುಕ್ಕಾಲು ಪಾಲು ಒಂದಲ್ಲ ಒಂದು ಕಾಲದಲ್ಲಿ ಅಗಾಥಾ ಹತ್ತಿರ ಬೈಸಿಕೊಂಡವರೇ. "ಕಾಲು ಎತ್ತೇ! ಗಂಡನ ಮನೆಗೆ ಹೊರಟ ಹಾಗೆ ನಡೀತೀಯಲ್ಲ!" ಎಂದು ಅವಳು ಕೂಗಿದರೆ ಕೆರೆಯ ಆಚೆ ದಂಡೆಗೂ ಕೇಳಿಸುತ್ತಿತ್ತು. ಹೊಸ ವರ್ಷದ ಮರುವಾರ ಊರ ಗದ್ದೆಯಲ್ಲಿ ಖಸ್ಸಿ ಪಂದ್ಯ. ಗೆದ್ದವರಿಗೆ ಬೀಜ ಒಡೆಸಿ ಕೊಬ್ಬಿಸಿದ ಹೋತವೇ ಬಹುಮಾನವಾದ್ದರಿಂದ ಆ ಹೆಸರು. ಈ ಸಲ ಹೆಂಗಸರ ಪಂದ್ಯಕ್ಕೆ ಬೀರುಟೋಲಿಯ ಸೊಸೆಯರೂ ಹೆಸರು ಕೊಟ್ಟರು.

ಕ್ರಿಸ್‌ಮಸ್ ಕಳೆದ ಎರಡನೆಯ ದಿನ ಜಸಿಂತಾ ಆ ಗದ್ದೆಗೆ ಬಂದಳು. ಬದುವಿನ ಮೇಲೆ ಅಳುತ್ತಿದ್ದ ಒಂದು ಕೂಸನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಭೌಜಿ, ಮುಂದಿನ ತಿಂಗಳು ವಲಯದ ಪಂದ್ಯ ಇದೆ. ಹುಡುಗೀರು ನನ್ನ ಮಾತು ಕೇಳ್ತಿಲ್ಲ. ಬೇಕಂತಲೇ ನಿಧಾನ ಓಡ್ತಾರೆ. ನೀನೊಂದು ಸಲ ಬಂದು ಹೇಳು."

"ಹೇಳ್ತೀನಿ. ಮೊದಲು ನೀನೊಂದು ಮಾತು ಹೇಳು."

"ಏನು?"

"ಈ ತಂಡ ಕಟ್ಟಿದ್ದು ಅಗಾಥಾ ಕುಲ್ಲೂ ಅಂತ ಹೇಳು. ಪ್ರಿನ್ಸಿಪಾಲ್ ಮುಂದೆ, ಪೇಪರಿನವರ ಮುಂದೆ. ಹುದ್ದೆ ನಿಂದೇ ಇರಲಿ. ಮಾತು ನಂದು ನಂಗೆ ಕೊಡು."

ಜಸಿಂತಾ ಕೂಸಿನ ಬೆನ್ನು ತಟ್ಟುತ್ತ ನಿಂತಳು. "ಒಂದು ವರ್ಷ ಪರೀಕ್ಷೆ ಮೇಲೆ ಇಟ್ಟಿದಾರೆ ನನ್ನ. ಹಾಗೆ ಹೇಳಿದ್ರೆ ಕಿತ್ತುಹಾಕ್ತಾರೆ."

"ಹೇಳದೇ ಇದ್ದಿದ್ದಕ್ಕೆ ನನ್ನ ಕಿತ್ತುಹಾಕಿದ್ರಲ್ಲ."

"ಮನೆಯೋಳ ಮೇಲೇ ಇಷ್ಟು ಹಟ ಮಾಡ್ತಾರಾ ಭೌಜಿ?"

"ಪರರು ಇಂಥದ್ದು ಮಾಡಿದ್ರೆ ಕೋರ್ಟಿಗೆ ಹೋಗಬಹುದು. ಮನೆಯೋರು ಮಾಡಿದ್ರೆ ಒಗೆದು ಮಡಚಿಡಬೇಕು. ಅದಕ್ಕೇ ನಿಮಗೆಲ್ಲ ಮನೆ ಅಂದ್ರೆ ಅಷ್ಟು ಪ್ರೀತಿ. ಆ ಕೂಸನ್ನ ಕೆಳಗೆ ಮಲಗಿಸು, ಅದರಮ್ಮ ಚೆಂಡು ಬಿಟ್ಟು ಇತ್ತಲೇ ನೋಡ್ತಿದಾಳೆ."

ಖಸ್ಸಿ ಪಂದ್ಯದ ದಿನ ಸುತ್ತಲ ಹಳ್ಳಿಯೆಲ್ಲ ಸೇರಿತ್ತು. ಮಾದಳವೆಂಬ ಮದ್ದಳೆ ಬಡಿಯುವವರು, ಕಡಲೆ ಮಾರುವವರು, ಹುಣಿಸೆ ಮರದ ಕೆಳಗೆ ಹಂಡಿಯಾ ಎಂಬ ಅಕ್ಕಿ ಹೆಂಡದ ಗಡಿಗೆ ಇಟ್ಟುಕೊಂಡ ಹೆಂಗಸರು. ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕಾಲೇಜಿನ ಪ್ರಿನ್ಸಿಪಾಲರು, ಪಕ್ಕದಲ್ಲಿ ಟ್ರ್ಯಾಕ್ ಸೂಟ್ ತೊಟ್ಟ ಜಸಿಂತಾ. ಬೀರುಟೋಲಿಯ ಸೊಸೆಯರು ಎರಡು ಪಂದ್ಯ ಗೆದ್ದು, ಫೈನಲಿನಲ್ಲಿ ನದಿಯಾಚೆಯ ಊರಿನ ಎಳೆಯ ಹುಡುಗಿಯರ ಎದುರು ಏದುಸಿರು ಬಿಟ್ಟು ಸೋತರು. ಸುಸಾನಾ ಒಂದು ಗೋಲು ಹೊಡೆದು, ಹೊಡೆದ ಜಾಗದಲ್ಲೇ ಕೂತುಬಿಟ್ಟಳು. ದೊಡ್ಡ ಹೋತ ನದಿ ದಾಟಿ ಹೋಯಿತು. ಎರಡನೇ ಬಹುಮಾನದ ಸಣ್ಣ ಹೋತ ಬೀರುಟೋಲಿಗೆ ಉಳಿಯಿತು.

ಪ್ರಿನ್ಸಿಪಾಲರು ಅಗಾಥಾಳನ್ನು ಕುರ್ಚಿಯ ಹತ್ತಿರ ಕರೆಸಿಕೊಂಡರು. ಪತ್ರಾಸ್ ಮತ್ತು ಮರ್ಸೆಲಾ ಕೂಡ ಬಂದು ನಿಂತರು.

"ನೋಡಿ ಅಗಾಥಾ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ. ಸೋಮವಾರದಿಂದ ಬೆಳಿಗ್ಗೆ ಮೈದಾನಕ್ಕೆ ಬನ್ನಿ. ನಿಮ್ಮನ್ನ 'ಕೋಚಿನ ಸಹಾಯಕಿ' ಅಂತ ಕರೆಯೋಣ. ಕಡತದಲ್ಲಿ ಬರಲ್ಲ, ಬಾಯಿಮಾತಲ್ಲಿ. ನಿಮ್ಮ ಅಡುಗೆ ಗುತ್ತಿಗೆ ಬೇರೆ ಈ ತಿಂಗಳು ಮುಗಿಯುತ್ತೆ. ಮುಂದುವರಿಸಬೇಕಲ್ಲ?"

ಅಗಾಥಾ ಬಾಯಿ ತೆರೆಯುವ ಮೊದಲೇ ಮರ್ಸೆಲಾ ಕೈ ಮುಗಿದಳು. "ಬರ್ತಾಳೆ ಸಾಹೇಬ್ರೇ. ಯಾಕೆ ಬರಲ್ಲ? ಒಂದೇ ಮನೆಯಲ್ವಾ ನಮ್ಮದು."

"ಬರ್ತಾಳೆ ಸರ್" ಎಂದ ಪತ್ರಾಸ್.

ಜಸಿಂತಾ ನೆಲ ನೋಡುತ್ತಿದ್ದಳು. ಅಗಾಥಾ ಅವಳ ಮುಖವನ್ನೇ ನೋಡಿದಳು, ಒಂದು ಮಾತು ಬರಬಹುದೇನೋ ಎಂದು. ಜಸಿಂತಾ ಟ್ರ್ಯಾಕ್ ಸೂಟಿನ ಜಿಪ್ ಮೇಲಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಮರದ ಕೆಳಗೆ ಮಾಂಸ ಹಂಚಲು ಕೂಗಿದರು. ಬೀರುಟೋಲಿಯಲ್ಲಿ ಗೆದ್ದ ಹೋತವನ್ನು ಆಡಿದವರು ಮಾತ್ರ ತಿನ್ನುವುದಿಲ್ಲ. ಇಡೀ ಊರಿಗೆ ಹಂಚುತ್ತಾರೆ, ಮನೆಗೆ ಇಷ್ಟು ಎಂದಲ್ಲ, ಒಲೆಗೆ ಒಂದು ಪಾಲು. ಪ್ರತಿ ಮನೆಯವರನ್ನೂ ಎದುರಿಗೆ ನಿಲ್ಲಿಸಿ ಒಲೆ ಎಷ್ಟು ಎಂದು ಕೇಳುತ್ತಾರೆ. ಅಲ್ಲಿ ಹೇಳಿದ ಲೆಕ್ಕವೇ ಮುಂದೆ ಮದುವೆಯ ಕರೆಗೂ, ಸಾವಿನ ಹೆಗಲಿಗೂ, ಊರ ಕೆಲಸಕ್ಕೂ ನಡೆಯುತ್ತದೆ. ಎರಡು ಎಂದರೆ ಆ ಮನೆ ಒಡೆಯಿತು ಎಂದೇ ಅರ್ಥ. ಮುದುಕ ಮತಿಯಸ್ ಸಾಲ್ ಮರದ ಎಲೆಗಳನ್ನು ಹರಡಿಕೊಂಡು ಕೂತಿದ್ದ.

"ಪತ್ರಾಸ್ ಬಿಲುಂಗ್. ಒಲೆ ಎಷ್ಟಪ್ಪಾ?"

"ಒಂದು" ಎಂದಳು ಮರ್ಸೆಲಾ, ಮಗನ ಪರವಾಗಿ.

"ಎರಡು" ಎಂದಳು ಅಗಾಥಾ.

ಮತಿಯಸ್ ಕತ್ತಿ ಕೆಳಗಿಟ್ಟ. ಮಾದಳ ಬಡಿಯುತ್ತಿದ್ದವನೂ ಕೈ ನಿಲ್ಲಿಸಿದ.

"ಏನಂದೆ?"

"ಎರಡು ಅಂದೆ ಕಾಕಾ."

"ತಲೆ ಕೆಟ್ಟಿದೆ ಇವಳಿಗೆ!" ಮರ್ಸೆಲಾ ಕಿರುಚಿದಳು. "ಮತಿಯಸ್, ಒಂದೇ ಹಾಕು. ಬಿಸಿಲಿಗೆ ತಲೆ ತಿರುಗಿದೆ."

ಪತ್ರಾಸ್ ಅವಳ ತೋಳು ಹಿಡಿದು ಹಲ್ಲು ಕಚ್ಚಿ ಹೇಳಿದ: "ಊರ ಮುಂದೆ ಮರ್ಯಾದೆ ತೆಗೀತೀಯಾ? ಮನೆ ವಿಷಯ ಮನೇಲಿ ಮಾತಾಡು."

"ಮನೇಲಿ ಎರಡು ತಿಂಗಳು ಮಾತಾಡಿದೆ. ಒಂದೇ ಮನೆ ಅಂದ್ರಿ. ಒಂದೇ ಮನೆ ಅಂತಲೇ ನನ್ನ ಕೆಲಸ ತಗೊಂಡ್ರಿ, ಈಗ ಒಂದೇ ಮನೆ ಅಂತ ನನ್ನ ಬೆಳಗಿನ ಹೊತ್ತನ್ನೂ ಆ ಕುರ್ಚಿಗೆ ಕೊಟ್ಟುಬಂದ್ರಿ. ನನ್ನ ಕೇಳ್ದೆ. ಇನ್ನು ಏನು ಕೊಡೋದಿದ್ರೂ ನಿಮ್ಮ ಒಲೆಯಿಂದ ಕೊಡಿ. ಸೋಮವಾರದಿಂದ ನಾನು ಮೈದಾನಕ್ಕೂ ಹೋಗಲ್ಲ, ಹಾಸ್ಟೆಲಿಗೂ ಹೋಗಲ್ಲ."

"ಒಲೆ ಹಾಕಿದೀಯೇನಮ್ಮಾ?" ಮತಿಯಸ್ ಮೆತ್ತಗೆ ಕೇಳಿದ. ಇಲ್ಲದ ಒಲೆಗೆ ಪಾಲು ಹಾಕುವಂತಿರಲಿಲ್ಲ.

"ಬೆಳಗ್ಗೆಯೇ ಹಾಕಿದೆ, ಹಳೇ ಕೊಟ್ಟಿಗೇಲಿ. ಮಧ್ಯಾಹ್ನದ ಅನ್ನ ಅಲ್ಲೇ ಬೆಂದಿದ್ದು. ಯಾರಾದ್ರೂ ಹೋಗಿ ಬೂದಿ ಮುಟ್ಟಿ ನೋಡಿ."

"ನಾನು ಉಂಡೆ ಅಲ್ಲಿ" ಎಂದು ಸುಚಿತಾ ಜನರ ನಡುವಿನಿಂದ ಕೂಗಿದಳು. "ಅನ್ನ ಸ್ವಲ್ಪ ಸೀದಿತ್ತು."

ಯಾರೋ ನಕ್ಕರು. ಮತಿಯಸ್ ಒಂದು ಎಲೆ ಪಕ್ಕಕ್ಕೆ ಎಳೆದುಕೊಂಡ. "ಯಾರ ಹೆಸರಲ್ಲಿ?"

"ಅಗಾಥಾ ಕುಲ್ಲೂ."

ಅವನು ಬೇರೆಲ್ಲ ಒಲೆಗಳಿಗೆ ಕೂಗಿದಂತೆಯೇ ಜೋರಾಗಿ ಕೂಗಿದ: "ಅಗಾಥಾ ಕುಲ್ಲೂ, ಒಂದು ಪಾಲು!" ಎಲೆ ಮಡಚಿ ಅವಳ ಕೈಗೆ ಕೊಟ್ಟ. ಮರ್ಸೆಲಾ ತನ್ನ ಪಾಲು ತೆಗೆದುಕೊಳ್ಳದೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಅದನ್ನು ಜಸಿಂತಾ ತೆಗೆದುಕೊಂಡಳು. ಪತ್ರಾಸ್ ಇಬ್ಬರ ಕೈಯಲ್ಲಿದ್ದ ಎಲೆಗಳನ್ನೂ ನೋಡಿದ.

"ನಾನು ಯಾವ ಒಲೇಲಿ ಉಣ್ಬೇಕು ಈಗ?"

"ಅದನ್ನೂ ನಾನೇ ಹೇಳ್ಬೇಕಾ?" ಎಂದಳು ಅಗಾಥಾ.

ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು ಬಂದರು. ಒಲೆಯ ಮಾತು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ಆದರೆ ಸೋಮವಾರ ಈ ಹೆಂಗಸು ಬರುವುದಿಲ್ಲ ಎಂಬುದು ಮಾತ್ರ ತಿಳಿದಿತ್ತು.

"ಇದೇನಿದು? ಹೀಗೆ ಏಕಾಏಕಿ ಬಿಟ್ಟರೆ ಹೇಗೆ? ಸೋಮವಾರ ಹಾಸ್ಟೆಲಿನಲ್ಲಿ ಅಡುಗೆ ಯಾರು ಮಾಡ್ತಾರೆ?"

"ನಿಮ್ಮ ಕೋಚನ್ನ ಕೇಳಿ ಸರ್" ಎಂದಳು ಅಗಾಥಾ. "ಎರಡೂ ಕೆಲಸ ಒಬ್ಬಳ ಕೈಲೇ ಮಾಡಿಸೋ ಪದ್ಧತಿ ನಿಮ್ಮಲ್ಲಿ ಇದೆಯಲ್ಲ."